ಬಾಡಿಗೆ ಮನೆಯ ಬಾಗಿಲಲ್ಲಿ ಕೇಳುವ ಪ್ರಶ್ನೆ

ರಾಯಚೂರಿನಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಹೋದವರನ್ನು ಮೊದಲು ಕೇಳುವುದು ಸಂಬಳ ಎಷ್ಟು ಎಂದಲ್ಲ, ಮನೆಯಲ್ಲಿ ಎಷ್ಟು ಮಂದಿ ಎಂದೂ ಅಲ್ಲ. "ನಿಮ್ಮದು ಯಾವ ಪೈಕಿ ರೀ?" ಎಂದು. ನೇರವಾಗಿ ಕೇಳಲು ಮುಜುಗರಪಡುವವರು ಅಡ್ಡಹೆಸರು ಕೇಳುತ್ತಾರೆ, ಊರು ಕೇಳುತ್ತಾರೆ, ಊರಲ್ಲಿ ಮನೆ ಯಾವ ಓಣಿಯಲ್ಲಿ ಬರುತ್ತದೆ ಎಂದು ಕೇಳುತ್ತಾರೆ. ಅಷ್ಟರಲ್ಲಿ ತಿಳಿಯಬೇಕಾದ್ದು ತಿಳಿದಿರುತ್ತದೆ. ಉತ್ತರ ಹಿಡಿಸದಿದ್ದರೆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿರುತ್ತದೆ. ಬೋರ್ಡು ಮಾತ್ರ ಇನ್ನೆರಡು ತಿಂಗಳು ಗೇಟಿನ ಮೇಲೆ ತೂಗುತ್ತಿರುತ್ತದೆ.

ಇದು ಒಂದು ಜಾತಿಯವರ ಚಾಳಿಯಲ್ಲ, ಒಂದು ಊರಿನ ಚಾಳಿಯೂ ಅಲ್ಲ. ಆದರೂ ನಾನು ನಮ್ಮವರಿಗೇ ಬರೆಯುತ್ತಿದ್ದೇನೆ. ಏಕೆಂದರೆ ಅಂಥ ಎಷ್ಟೋ ಮನೆಗಳ ಬಾಗಿಲ ಮೇಲೆ ಅಪ್ಪ ಬಸವಣ್ಣನವರ ಭಾವಚಿತ್ರವಿದೆ. ಬಂದವನು ಯಾರ ಕಡೆಯವನು ಎಂದು ವಿಚಾರಿಸದೆ ನಮ್ಮವನೆಂದೇ ಬಗೆಯಬೇಕು ಎಂಬ ಅವರ ವಚನವನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮನೆಗಳವು.

2011ರ ಜನಗಣತಿಯಂತೆ ನಮ್ಮ ಜಿಲ್ಲೆಯಲ್ಲಿ ಪರಿಶಿಷ್ಟ ಜಾತಿ, ಪಂಗಡಗಳ ಜನ ಹತ್ತಿರ ಹತ್ತಿರ ಶೇ. 40. ದೇವದುರ್ಗ, ಮಾನ್ವಿ ವಿಧಾನಸಭಾ ಕ್ಷೇತ್ರಗಳು ಪರಿಶಿಷ್ಟ ಪಂಗಡಕ್ಕೆ ಮೀಸಲು. ಅವರ ಮಕ್ಕಳು ಇಂದು ಶಿಕ್ಷಕರು, ನರ್ಸುಗಳು, ಬ್ಯಾಂಕಿನವರು, ಇಂಜಿನಿಯರರು. ಜಿಲ್ಲೆಗೆ ಕೃಷಿ ವಿಶ್ವವಿದ್ಯಾಲಯ ಬಂತು, 371(ಜೆ) ಬಂತು, ನೌಕರಿಗಳು ಬಂದವು. ನೌಕರಿ ಸಿಕ್ಕ ಊರಲ್ಲಿ ಮನೆ ಸಿಗಲಿಲ್ಲ. ದೇವದುರ್ಗದಲ್ಲಿ ಕೆಲಸ ಮಾಡುವ ಒಬ್ಬ ನರ್ಸು ನನಗೆ ಪರಿಚಯ. ಆಕೆ ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. "ಸೂಜಿ ಮಾಡ್ಲಿಕ್ಕೆ ನನ್ನ ಕೈ ಆಗ್ತದರೀ ಅಣ್ಣಾರ, ಅವರ ಮನ್ಯಾಗ ಇರ್ಲಿಕ್ಕೆ ಆಗಂಗಿಲ್ಲ" ಎಂದಳು. ನಗುತ್ತಲೇ ಹೇಳಿದಳು. ರಾತ್ರಿ ಹೆರಿಗೆಗೆ ಕರೆದರೆ ಬರಲು ಊರಲ್ಲಿ ಆಕೆ ಇರುವುದಿಲ್ಲ, ಅದರ ನಷ್ಟ ಯಾರಿಗೆ?

"ಜಾತಿ ಅಲ್ಲರೀ, ನಾವು ಲಿಂಗ ಕಟ್ಟಿದವರು, ಮೇಲಿನ ಮನೆಯಲ್ಲಿ ಮಾಂಸ ಬೇಯಿಸಿದರೆ ಹೇಗೆ?" ಎನ್ನುವವರಿದ್ದಾರೆ. ಈ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ತನ್ನದೇ ಅಂಗಳದಲ್ಲಿ, ಒಂದೇ ಮೆಟ್ಟಿಲು ಬಳಸುವ ಮನೆಯಲ್ಲಿ ಅಡುಗೆಯ ಬಗ್ಗೆ ಮಾತಾಡಿಕೊಳ್ಳುವುದು ತಪ್ಪಲ್ಲ. ಆದರೆ ಹಾಗಿದ್ದರೆ ಅಡುಗೆಯನ್ನೇ ಕೇಳಿ. ತಿನ್ನುವುದಿಲ್ಲ ಎಂದ ಮಾದಿಗರ ಹುಡುಗನಿಗೂ ಮನೆ ಇಲ್ಲ, ಹೊರಗೆ ತಿಂದು ಬರುವ ಮೇಲ್ಜಾತಿಯವನಿಗೆ ಉಂಟು ಎಂದಾದ ಮೇಲೆ ಅದು ಮಾಂಸದ ಮಾತಲ್ಲ. ಮುಸಲ್ಮಾನರಿಗಂತೂ ಅಡುಗೆಯ ಪ್ರಶ್ನೆಯವರೆಗೂ ಮಾತು ಹೋಗುವುದಿಲ್ಲ, ಹೆಸರು ಹೇಳಿದೊಡನೆ ಮುಗಿಯಿತು.

ಇನ್ನೂ ನೋವಿನದು ಬೇರೆ ಇದೆ. ನಮ್ಮೊಳಗೇ ಬಾಗಿಲುಗಳಿವೆ. ಲಿಂಗಾಯತರು ಎಂದರೂ ಸಾಲದು, ಅದರಲ್ಲಿ ಯಾವುದು ಎಂದು ಕೇಳುವವರಿದ್ದಾರೆ. ಹಡಪದ, ಮಡಿವಾಳ ಎಂದರೆ ಧ್ವನಿ ಇಳಿಯುತ್ತದೆ. ಹಡಪದ ಅಪ್ಪಣ್ಣನವರು ಬಸವಣ್ಣನವರ ಬಳಿಯೇ ಇದ್ದ ಶರಣರು. ಮಡಿವಾಳ ಮಾಚಿದೇವರ ಜಯಂತಿಗೆ ನಾವು ಹಾರ ಹಾಕುತ್ತೇವೆ. 2018ರಲ್ಲಿ ರಾಜ್ಯ ಸರಕಾರ ಲಿಂಗಾಯತಕ್ಕೆ ಧಾರ್ಮಿಕ ಅಲ್ಪಸಂಖ್ಯಾತ ಮಾನ್ಯತೆ ನೀಡಲು ಶಿಫಾರಸು ಮಾಡಿದಾಗ ನಾವು ಬೀದಿ ಬೀದಿಯಲ್ಲಿ ಹೇಳಿದ್ದೇನು? ನಮ್ಮದು ವರ್ಣ, ಜಾತಿ ಒಪ್ಪದ ಧರ್ಮ ಎಂದು. ಬಾಡಿಗೆಗೆ ಬಂದವನ ಮುಂದೆ ಆ ವಾದ ಎಲ್ಲಿ ಹೋಗುತ್ತದೆ?

ಕಲ್ಯಾಣದಲ್ಲಿ ಗಲಭೆ ಎದ್ದದ್ದು ತತ್ವದ ಚರ್ಚೆಗಲ್ಲ. ಬಸವಣ್ಣನವರು ನಾಗಿದೇವನ ಮನೆಗೆ ಹೋಗಿ ಉಂಡರು ಎಂದು ಬಿಜ್ಜಳನಿಗೆ ದೂರು ಹೋಯಿತೆಂದು ಪುರಾಣಗಳು ಹೇಳುತ್ತವೆ. ಹರಳಯ್ಯ, ಮಧುವರಸರ ಮನೆಗಳು ಬೀಗರಾದದ್ದಕ್ಕೆ ಕಣ್ಣು ಕೀಳಿಸಿ ಎಳೆಹೂಟೆ ಶಿಕ್ಷೆ ಕೊಟ್ಟರೆಂದು ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ಹೊಸಿಲು ದಾಟಿದ್ದಕ್ಕೆ ಬಂದ ಕೋಪ ಅದು. ಅನುಭವ ಮಂಟಪದಲ್ಲಿ ಕೂತು ಮಾತಾಡಿದ್ದನ್ನು ಹೇಗೋ ಸಹಿಸಿದ್ದರು.

ಕಾನೂನು ಏನನ್ನುತ್ತದೆ? 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಕಲಮಿನಲ್ಲಿ, ಅಸ್ಪೃಶ್ಯತೆಯ ಕಾರಣಕ್ಕೆ ಯಾವುದೇ ಬಡಾವಣೆಯಲ್ಲಿ ವಾಸಕ್ಕೆ ಅಡ್ಡಿಪಡಿಸುವುದು ಅಪರಾಧ. ಆದರೆ "ನಮ್ಮ ತಮ್ಮ ಬರಾಕತ್ಯಾನ್ರೀ" ಎಂದು ಹೇಳಿ ಕಳಿಸಿದವನ ಮೇಲೆ ಸಾಕ್ಷಿ ಎಲ್ಲಿಂದ ತರುವುದು? ಮುಸ್ಲಿಮರಿಗೆ, ಹಿಂದುಳಿದವರಿಗೆ ಈ ಕಾಯ್ದೆಯಿಂದ ಅಷ್ಟು ಆಸರೆಯೂ ಇಲ್ಲ. 2005ರಲ್ಲಿ ಪಾರ್ಸಿ ವಸತಿ ಸಂಘವೊಂದರ ಪ್ರಕರಣದಲ್ಲಿ, ಸಂಘ ತನ್ನ ಸದಸ್ಯತ್ವವನ್ನು ಸ್ವಂತ ಸಮುದಾಯಕ್ಕೆ ಸೀಮಿತಗೊಳಿಸಬಹುದೆಂದು ಸುಪ್ರೀಂ ಕೋರ್ಟೇ ಹೇಳಿತು. ಅಮೆರಿಕದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದೇ ವಾರಕ್ಕೆ, 1968ರ ಏಪ್ರಿಲ್‌ನಲ್ಲಿ, ಬಣ್ಣ ಮತ್ತು ಧರ್ಮ ನೋಡಿ ಮನೆ ನಿರಾಕರಿಸುವುದನ್ನು ನಿಷೇಧಿಸುವ ಕಾಯ್ದೆ ಬಂತು. ಅಂಥದ್ದು ಇಲ್ಲಿಯೂ ಬೇಕು, ಕೇಳೋಣ. ಆದರೆ ಅದು ಬರುವವರೆಗೆ ಕಾಯಲು ನಮಗೆ ನೆಪವಿಲ್ಲ, ಮನೆಗಳು ನಮ್ಮವೇ ಇವೆ.

ದಾಸೋಹದಲ್ಲಿ ನಮ್ಮ ಮಠಗಳು ಎಂದೋ ಈ ಗೆರೆ ದಾಟಿವೆ. ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳು ಒಂದೇ ಸಾಲಿನಲ್ಲಿ ಕೂತು ಉಂಡು ಓದಿದರು. ಅಲ್ಲಿ ಉಂಡು ಓದಿದ ಹುಡುಗನೇ ಮುಂದೆ ನೌಕರಿ ಹಿಡಿದು ನಮ್ಮ ಗೇಟಿಗೆ ಬಂದು ನಿಲ್ಲುವುದು.

ಆದ್ದರಿಂದ ಪೂಜ್ಯರಲ್ಲಿ ಒಂದು ವಿನಂತಿ. ಬಾಡಿಗೆಗೆ ಬಿಟ್ಟ ಮನೆ, ಮಳಿಗೆ ಇರುವ ಮಠಗಳು ಮೊದಲು ತಮ್ಮಲ್ಲಿಂದಲೇ ಶುರು ಮಾಡಲಿ. ಬೋರ್ಡಿನ ಮೇಲೆ ಬಾಡಿಗೆ, ಅಡ್ವಾನ್ಸು, ಕರಾರಿನ ಅವಧಿ ಇಷ್ಟನ್ನೇ ಬರೆಸಲಿ. ಶ್ರಾವಣದ ಪ್ರವಚನಕ್ಕೆ ಬರುವವರಲ್ಲಿ ಮನೆ ಮಾಲೀಕರು ಬಹಳ ಇರುತ್ತಾರೆ. ಒಂದು ಸಂಜೆ ಪುರಾಣ ಬದಿಗಿಟ್ಟು ಈ ವಿಷಯ ಎತ್ತಲಿ. ಹೊಸ ಲೇಔಟ್ ಮಾಡಿ "ನಮ್ಮ ಮಂದಿಗೆ ಮಾತ್ರ" ಎಂದು ಸೈಟು ಮಾರುವವರ ಭೂಮಿಪೂಜೆಗೆ ಹೋಗುವ ಮೊದಲು, ಯಾರಿಗೆ ಮಾರುತ್ತೀರಿ ಎಂದು ಕೇಳಲಿ. ಮತ್ತು ಪ್ರತಿ ಊರಿನ ಬಸವ ಕೇಂದ್ರದಲ್ಲಿ ಒಂದು ವಹಿ ಇರಲಿ: ಯಾರನ್ನಾದರೂ ಬರಮಾಡಿಕೊಳ್ಳಲು ಸಿದ್ಧವಿರುವ ಮಾಲೀಕರ ಹೆಸರು ಅದರಲ್ಲಿ ಬರೆಯಲಿ. ದೇವದುರ್ಗಕ್ಕೆ, ಮಾನ್ವಿಗೆ ವರ್ಗವಾಗಿ ಬರುವವರು ನೇರ ಅಲ್ಲಿಗೇ ಬರುತ್ತಾರೆ.