ಮಾತು ಕೊಟ್ಟ ಹತ್ತು ಮೂಟೆ

ನಮ್ಮ ಮೂಡಿಗೆರೆ ಕಡೆ ಈಗ ಎಲ್ಲಿ ಕೂತ್ರೂ ಒಂದೇ ಮಾತು. ಪಕ್ಕದ ಊರಿನ ಹುಡುಗ ಬೆಂಗಳೂರಿನ ಕೆಲಸ ಬಿಟ್ಟು ಬಂದು, ಹಳೇ ಗೋಡೌನಿನಲ್ಲಿ ಸಣ್ಣ ರೋಸ್ಟರ್ ಇಟ್ಟು, ನಮ್ಮಂಥ ಐದೆಕರೆ ಆರೆಕರೆಯವರ ಕಾಫಿ ತಗೊಂಡು ಪುಡಿ ಮಾಡಿ ಮಾರ್ತಾ ಇದ್ದಾನೆ. ಎದುರಿಗೆ ಎಲ್ಲರೂ "ಭೇಷ್" ಅಂತಾರೆ. ಹಿಂದೆ "ನಮ್ಮಿಂದ ನಾನೂರಕ್ಕೆ ತಗೊಂಡು ಒಂಬೈನೂರಕ್ಕೆ ಮಾರ್ತಾನೆ, ಲೂಟಿ" ಅಂತಾರೆ. ಎರಡೂ ಬೇಡ ಮಾರಾಯ್ರೆ. ಲೆಕ್ಕ ಹಾಕೋಣ.

ಅರೇಬಿಕಾ ಪಾರ್ಚ್‌ಮೆಂಟ್ 50 ಕಿಲೋ ಮೂಟೆಗೆ 18,000 ಅಂತ ಇಟ್ಕೊಳ್ಳಿ. ಸಿಪ್ಪೆ ತೆಗೆದರೆ ಸಿಗೋದು ಸುಮಾರು 40 ಕಿಲೋ ಬೀಜ. ಅಲ್ಲಿಗೇ ಕಿಲೋ 450 ಆಯ್ತು. ಹುರಿದಾಗ ನೂರಕ್ಕೆ 15ರಿಂದ 18ರಷ್ಟು ತೂಕ ಹೋಗುತ್ತೆ. 16 ಅಂತ ಹಿಡಿದರೂ ಒಂದು ಕಿಲೋ ಪುಡಿಗೆ ಬೀಜದ ಖರ್ಚೇ 535 ರೂಪಾಯಿ. 900ಕ್ಕೆ ಮಾರಿದ್ರೆ ಉಳಿಯೋದು 365. ಅಂಗಡಿಯವರು ನೂರಕ್ಕೆ 20 ಇಟ್ಕೊಂಡ್ರೆ ಅದರಲ್ಲಿ 180 ಹೋಯ್ತು. ಮಿಕ್ಕ 185ರಲ್ಲಿ ಬೀಜ ಆರಿಸೋದು, ಗ್ಯಾಸು, ಕರೆಂಟು, ಕವರು, ಕೊರಿಯರ್, ಬಾಡಿಗೆ, ಕೆಲಸದ ಹುಡುಗಿಯ ಸಂಬಳ ಎಲ್ಲ ಬರಬೇಕು. ಇದರಲ್ಲಿ ಲೂಟಿ ಎಲ್ಲಿದೆ ತೋರಿಸಿ. ಚಿಕೋರಿ ಹಾಕಿದರೆ ಉಳಿತಾಯ ಉಂಟು, ಆದರೆ ಕವರಿನ ಮೇಲೆ ಶೇಕಡಾ ಎಷ್ಟು ಅಂತ ಬರೀಬೇಕು, ಕಾಫಿ 51ಕ್ಕಿಂತ ಕಡಿಮೆ ಇರಬಾರದು. ಇವನು ಹಾಕೋದೇ ಇಲ್ಲ.

ಹೋದ ಕೊಯ್ಲಿನಲ್ಲಿ ನಡೆದದ್ದು ನಿಮಗೆ ಗೊತ್ತೇ ಇದೆ. ಅವನಿಗೆ ಕಾಫಿ ಕೊಡ್ತೀವಿ ಅಂತ ಒಪ್ಪಿದ್ದ ಮೂರು ಮನೆಯವರು, ನಡುವೆ ರೇಟು ಏರಿದ ತಕ್ಷಣ ವ್ಯಾಪಾರಿಯ ಗಾಡಿಗೆ ತುಂಬಿ ಕಳಿಸಿದ್ರು. ಹುಡುಗ ಆರ್ಡರ್ ತಗೊಂಡಾಗಿತ್ತು. ಹೊರಗಿನಿಂದ ಜಾಸ್ತಿ ದುಡ್ಡಿಗೆ ಕಾಫಿ ತಂದು ಮಾತು ಉಳಿಸ್ಕೊಂಡ. ಇನ್ನೊಂದು ಸಲ ಹಾಗಾದರೆ ಆ ರೋಸ್ಟರ್ ಗುಜರಿಗೆ ಹೋಗುತ್ತೆ.

ಆ ಮೂರು ಮನೆಯವರನ್ನು ನಾನು ಬೈಯೋದಿಲ್ಲ. ಆಳುಗಳ ಬಟವಾಡೆ ಶನಿವಾರಕ್ಕೇ ಆಗಬೇಕು, ಬ್ಯಾಂಕಿನ ಕಂತು ಕಾಯೋದಿಲ್ಲ. ವ್ಯಾಪಾರಿ ಕೈಮೇಲೆ ದುಡ್ಡು ಇಡ್ತಾನೆ. ಈ ಹುಡುಗ ಅರ್ಧ ಈಗ, ಅರ್ಧ ನಲವತ್ತೈದು ದಿನಕ್ಕೆ ಅಂತಾನೆ. ರೇಟನ್ನೂ ಡಿಸೆಂಬರಿನಲ್ಲೇ ಕಟ್ಟಿಹಾಕಿದ್ದ. ಲಂಡನ್, ನ್ಯೂಯಾರ್ಕ್ ಮಾರ್ಕೆಟ್ ದಿನಾ ಕುಣಿಯುವಾಗ, ಮೂರು ತಿಂಗಳ ಮುಂಚೆ ಒಪ್ಪಿದ ರೇಟಿಗೆ ಸಣ್ಣ ಹಿಡುವಳಿದಾರ ಅಂಟಿಕೊಂಡಿರಬೇಕು ಅಂದ್ರೆ ಆಗದ ಮಾತು. ತಪ್ಪು ಒಪ್ಪಂದದ್ದು.

ಒಂದು ಹಳೇ ವಿಷಯ ನೆನಪಿಸ್ತೀನಿ. ನಮ್ಮ ಅಪ್ಪಂದಿರ ಕಾಲದಲ್ಲಿ ಕಾಫಿಯೆಲ್ಲ ಮಂಡಳಿಯ ಪೂಲಿಗೇ ಹೋಗಬೇಕಿತ್ತು. ದುಡ್ಡು ಕಂತು ಕಂತಾಗಿ ಬರ್ತಿತ್ತು. 1992ರಿಂದ ಸ್ವಲ್ಪ ಸ್ವಲ್ಪವೇ ಬಿಟ್ಟು, 1996ರ ಹೊತ್ತಿಗೆ ಪೂರ್ತಿ ಮುಕ್ತವಾಯ್ತು. ಬೇಕಾದವರಿಗೆ ಮಾರೋ ಸ್ವಾತಂತ್ರ್ಯ ಬಂತು. ಸುಮಾರು ಮೂವತ್ತು ವರ್ಷದಿಂದ ಅದನ್ನ ಬಳಸಿದ್ದು ಹೇಗೆ? ಈ ವ್ಯಾಪಾರಿ ಬಿಟ್ಟು ಆ ವ್ಯಾಪಾರಿ, ಅಷ್ಟೇ. ನಮ್ಮ ಕಾಫಿ ಯಾರು ಕುಡೀತಾರೆ, ರುಚಿ ಹೇಗಿದೆ ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? 2001-02ರ ಸುಮಾರಿಗೆ ಬೆಲೆ ಪಾತಾಳ ಕಂಡಾಗ ಮಾತಾಡಿಸೋಕೂ ಯಾರೂ ಇರಲಿಲ್ಲ. 2024ರಲ್ಲಿ ರೊಬಸ್ಟಾ ದಾಖಲೆ ಏರಿದ್ದಕ್ಕೆ ವಿಯೆಟ್ನಾಮಿನ ಬರಗಾಲವೂ ಒಂದು ಕಾರಣ. ಅಲ್ಲಿ ಮಳೆ ಆದರೆ ಇಲ್ಲಿ ಇಳಿಯುತ್ತೆ. ಅಂಥ ವರ್ಷಕ್ಕೆ ಊರಲ್ಲೇ ಒಬ್ಬ ಕೊಳ್ಳೋನು ಇರಲಿ ಅನ್ನೋದು ನನ್ನ ಆಸೆ.

ಅದಕ್ಕೆ ನನ್ನ ಅಭಿಪ್ರಾಯ ಇದು. ಫಸಲೆಲ್ಲಾ ಅವನಿಗೆ ಕೊಡಬೇಡಿ. ಹತ್ತರಲ್ಲಿ ಒಂದು ಭಾಗ ಕೊಡಿ. ನೂರು ಮೂಟೆ ಆಗೋರು ಹತ್ತು, ಮೂವತ್ತಾಗೋರು ಮೂರು. ರೇಟು ಮುಂಚೆ ಕಟ್ಟೋದು ಬೇಡ. ತೂಕ ಮಾಡಿದ ದಿನದ ಮಾರ್ಕೆಟ್ ರೇಟು, ಅದರ ಮೇಲೆ ಹಣ್ಣಿನ ಆಯ್ಕೆಗೆ ಇಂತಿಷ್ಟು ಅಂತ ಚೀಟಿಯಲ್ಲಿ ಬರೀರಿ. ಆಗ ರೇಟು ಏರಿದ್ರೂ ನಮಗೆ ಹೊಟ್ಟೆ ಉರಿಯಲ್ಲ, ಇಳಿದ್ರೆ ಅವನು ಮುಳುಗಲ್ಲ.

ಆ "ಇಂತಿಷ್ಟು" ಎಷ್ಟು ಅನ್ನೋದಕ್ಕೂ ಲೆಕ್ಕ ಬೇಕು. ಕೆಂಪು ಹಣ್ಣು ಮಾತ್ರ ಆರಿಸಿದ್ರೆ ಎರಡು ಸುತ್ತಿನ ಕೊಯ್ಲು ಮೂರಾಗುತ್ತೆ. ನೀರಿಗೆ ಹಾಕಿ ಜೊಳ್ಳು ತೇಲಿಸಬೇಕು, ಬೇರೆ ಒಣಗಿಸಬೇಕು, ತೇವಾಂಶ 10ಕ್ಕೆ ಬರೋತನಕ ಕಣದಲ್ಲಿ ತಿರುವಬೇಕು. ಎಷ್ಟು ಆಳು ಜಾಸ್ತಿ ಬಿತ್ತು ಅಂತ ಪುಸ್ತಕದಲ್ಲಿ ಬರೆದಿಡಿ. ಆ ಕೂಲಿಗಿಂತ ಜಾಸ್ತಿ ಕೊಟ್ಟರೆ ಮಾತ್ರ ಲಾಭ. ಅಷ್ಟೇ ಕೊಟ್ಟರೆ ನಾವು ಪುಕ್ಕಟೆ ದುಡಿದಂಗೆ. ಮೇಲೆ ಹಣ್ಣು ಹಾಕಿ ಕೆಳಗೆ ಹಸಿರು ಕಾಯಿ ತುಂಬೋ ಕೆಲಸ ಮಾತ್ರ ಬೇಡ. ಹುರಿದಾಗ ಅದು ಬಿಳಿಚಿಕೊಂಡು ಎದ್ದು ಕಾಣುತ್ತೆ.

ಹುಡುಗನಿಗೂ ನಾನು ಎದುರಿಗೇ ಹೇಳಿದ್ದೀನಿ. ನಲವತ್ತೈದು ದಿನ ಆಗಲ್ಲಪ್ಪ, ಮುಕ್ಕಾಲು ಪಾಲು ತೂಕದ ದಿನ, ಉಳಿದದ್ದು ಹದಿನೈದು ದಿನದೊಳಗೆ ಕೊಡು. ಕೈಲಿರೋ ದುಡ್ಡಿಗೆ ಎಷ್ಟು ಬರುತ್ತೋ ಅಷ್ಟೇ ಕೊಳ್ಳು. ಯಾರ ಕಾಫಿಗೆ ಏನು ದೋಷ ಅಂತ ಅವರಿಗೆ ತಿಳಿಸು. ಕವರಿನ ಮೇಲೆ ನಿನ್ನ ಫೋಟೋ ಚಿಕ್ಕದಾದರೂ ಪರವಾಗಿಲ್ಲ, ನಮ್ಮ ಊರುಗಳ ಹೆಸರು ಇರಲಿ. ಮೊದಲ ಮಾತು ಬಿಟ್ಟು ಉಳಿದದ್ದೆಲ್ಲಾ ಒಪ್ಪಿದ. ದುಡ್ಡಿನ ವಿಷಯಕ್ಕೆ ಬ್ಯಾಂಕಿಗೆ ಓಡಾಡ್ತಾ ಇದ್ದಾನೆ. ಅದು ಆಗದೆ ಒಂದು ಮೂಟೆಯನ್ನೂ ಕೊಡಬೇಡಿ ಅಂತಲೂ ನಾನೇ ಹೇಳ್ತೀನಿ.

ಅರೇಬಿಕಾ ಹಣ್ಣಾಗೋಕೆ ಇನ್ನು ಹೆಚ್ಚು ದಿನ ಇಲ್ಲ. ಅದಕ್ಕೆ ಮುಂಚೆ ಏಳೆಂಟು ಮನೆಯವರು ಒಟ್ಟಿಗೆ ಕೂತು ಅವನನ್ನು ಕರೆಸೋಣ. ಒಬ್ಬೊಬ್ಬರೇ ಮಾತಾಡಿದರೆ ಅವನಿಗೂ ಕಷ್ಟ, ನಮಗೂ ನಷ್ಟ. ನನ್ನ ಲೆಕ್ಕದಲ್ಲಿ ಎಲ್ಲಾದರೂ ಹೆಚ್ಚು ಕಡಿಮೆ ಇದ್ರೆ ನಿಮ್ಮ ಪುಸ್ತಕ ತಗೊಂಡು ಬನ್ನಿ, ನೋಡೋಣ.