ಪುಟ ತೆರೆಯದಿದ್ದರೆ ತಪ್ಪು ಯಾರದು?

ನಮ್ಮ ಕಾರ್ಮಿಕ ಬಂಧುಗಳ ಬದುಕಿನ ಕಾಗದಪತ್ರಗಳೆಲ್ಲ ಈಗ ಅಂಗೈಯ ಫೋನಿನೊಳಗೆ ಸೇರಿಕೊಂಡಿವೆ. ಭವಿಷ್ಯನಿಧಿಯ ಲೆಕ್ಕ ನೋಡಬೇಕೆ, ಊರಿನ ಜಮೀನಿನ ಪಹಣಿ ತೆಗೆಯಬೇಕೆ, ಮಕ್ಕಳ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಬೇಕೆ, ಎಲ್ಲದಕ್ಕೂ ಬ್ರೌಸರಿನ ಬಾಗಿಲನ್ನೇ ತಟ್ಟಬೇಕು. ಅಸಂಘಟಿತ ವಲಯದಲ್ಲಿ ದುಡಿಯುವವರಿಗಾಗಿ ಕೇಂದ್ರ ಸರಕಾರವು ೨೦೨೧ರ ಆಗಸ್ಟ್ ೨೬ರಂದು ಆರಂಭಿಸಿದ ಇ-ಶ್ರಮ್ ನೋಂದಣಿಯೂ ಜಾಲತಾಣದ ಮೂಲಕ ನಡೆಯುತ್ತದೆ. ಗಿರಣಿ ಬಿಟ್ಟು ಎಷ್ಟೋ ವರ್ಷಗಳಾದ ನಮ್ಮ ಹಿರಿಯರು ಪಿಂಚಣಿಗಾಗಿ ವರ್ಷಕ್ಕೊಮ್ಮೆ ಒಪ್ಪಿಸುವ ಜೀವನ ಪ್ರಮಾಣಪತ್ರವೂ ೨೦೧೪ರಿಂದೀಚೆಗೆ ಡಿಜಿಟಲ್ ರೂಪ ತಾಳಿದೆ.

ಇಂಥ ಬಾಗಿಲು ತೆರೆಯದಿದ್ದರೆ ಗತಿಯೇನು? ಸಿನೆಮಾ ಹಾಡಿನ ಪುಟ ತೆರೆಯುತ್ತದೆ, ಸುದ್ದಿಯ ಪುಟ ತೆರೆಯುತ್ತದೆ. ಬೇಕಾದ ಪುಟ ಮಾತ್ರ ಬಿಳಿ ಹಾಳೆಯಂತೆ ನಿಂತುಬಿಡುತ್ತದೆ. ಆಗ ನಮ್ಮವರು “ನಮಗೆ ಇದೆಲ್ಲ ತಿಳಿಯುವುದಿಲ್ಲ” ಎಂದು ತಮ್ಮನ್ನೇ ಹಳಿದುಕೊಂಡು ಏಜಂಟರ ಅಂಗಡಿಗೆ ನಡೆಯುತ್ತಾರೆ. ಅಲ್ಲಿ ದುಡ್ಡು ತೆರುವುದಲ್ಲದೆ, ಗುಪ್ತಪದವನ್ನೂ ಓಟಿಪಿಯನ್ನೂ ಒಪ್ಪಿಸಿ ಬರುತ್ತಾರೆ. ಇದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ತಪ್ಪು ಎಲ್ಲಿದೆಯೆಂದು ತಿಳಿಯುವ ಮೊದಲೇ ಅದು ತನ್ನದೇ ಎಂದು ತಲೆತಗ್ಗಿಸುವುದು ದುಡಿಯುವವನಿಗೆ ತಕ್ಕುದಲ್ಲ.

ದೋಸೆ ಕಾವಲಿಗೆ ಹಿಡಿದುಕೊಂಡರೆ ಭಟ್ಟರು ಅಂಗಡಿ ಮುಚ್ಚಿ ಹೋಗುವುದಿಲ್ಲ. ಹಿಟ್ಟು ಕೆಟ್ಟಿದೆಯೇ, ಕಾವಲಿ ಕಾದಿಲ್ಲವೇ, ಒಲೆಯ ಉರಿ ತಗ್ಗಿದೆಯೇ ಎಂದು ಒಂದೊಂದಾಗಿ ನೋಡುತ್ತಾರೆ. ಮಗ್ಗದಲ್ಲಿ ನೂಲು ಮತ್ತೆ ಮತ್ತೆ ಹರಿದರೆ ನೂಲಿನ ದೋಷವೋ ಲಾಳಿಯ ದೋಷವೋ ಎಂದು ನೇಕಾರನು ಹುಡುಕುತ್ತಿದ್ದನು. ಬ್ರೌಸರಿಗೂ ಇದೇ ಕ್ರಮ ಸಾಕು. ಒಂದು ಪುಟ ನಮ್ಮ ಕೈಗೆ ಬರಬೇಕಾದರೆ ನಮ್ಮ ಫೋನು, ನಡುವಿನ ದಾರಿ, ಆಚೆಯ ಸರ್ವರು ಎಂಬ ಮೂರೂ ಸರಿಯಿರಬೇಕು. ಕೆಟ್ಟಿರುವುದು ಯಾವುದು ಎಂದು ಗೊತ್ತುಮಾಡಿಕೊಳ್ಳುವುದೇ ಅರ್ಧ ಕೆಲಸ.

ಮೊದಲು ಬೇರೆ ಎರಡು ಪುಟಗಳನ್ನು ತೆರೆದು ನೋಡಬೇಕು. ಯಾವುದೂ ತೆರೆಯದಿದ್ದರೆ ಡೇಟಾ ಮುಗಿದಿರಬಹುದು, ಸಿಗ್ನಲ್ ಇಲ್ಲದಿರಬಹುದು. ಆ ವಿಚಾರ ಅಲ್ಲಿಗೆ ಮುಗಿಯಿತು. ಉಳಿದವು ತೆರೆದು ಒಂದೇ ತೆರೆಯದಿದ್ದರೆ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಬೇಕು. ವಾಟ್ಸಾಪಿನಲ್ಲಿ ಯಾರೋ ಕಳಿಸಿದ ಕೊಂಡಿ ಹಳೆಯದಿರಬಹುದು. ಅದಕ್ಕಿಂತ ಕೆಟ್ಟದ್ದು, ವಂಚಕರದೂ ಇರಬಹುದು. ಕೇಂದ್ರ ಸರಕಾರದ ಹೆಚ್ಚಿನ ತಾಣಗಳ ಹೆಸರು ‘ಜಿಓವಿ ಡಾಟ್ ಐಎನ್’ ಎಂದು ಮುಗಿಯುತ್ತದೆ ಎಂಬುದು ನೆನಪಿರಲಿ.

ಆಮೇಲೆ, ತೆರೆಯ ಮೇಲೆ ಮೂಡಿದ ಅಂಕಿಯನ್ನು ಓದಬೇಕು. ನಮ್ಮಲ್ಲಿ ಬಹುಜನರು ಅದನ್ನು ನೋಡಿ ಗಾಬರಿಯಾಗಿ ಮುಚ್ಚಿಬಿಡುತ್ತಾರೆ. ಆದರೆ ತಪ್ಪು ಯಾರದೆಂದು ಹೇಳುವ ಸಾಕ್ಷಿ ಅದೇ. ೪೦೪ ಎಂದರೆ ಸರ್ವರು ಸಿಕ್ಕಿದೆ, ಕೇಳಿದ ಪುಟ ಅಲ್ಲಿಲ್ಲ. ವಿಳಾಸ ತಪ್ಪಿದೆ ಅಥವಾ ಪುಟವನ್ನು ಸ್ಥಳಾಂತರಿಸಿದ್ದಾರೆ. ೪೦೩ ಎಂದರೆ ಒಳಗೆ ಬಿಡಲು ಸರ್ವರು ಒಪ್ಪುತ್ತಿಲ್ಲ. ೫೦೦, ೫೦೨, ೫೦೩, ೫೦೪ ಎಂದು ಐದರಿಂದ ಆರಂಭವಾಗುವ ಅಂಕಿಗಳು ಬಂದರೆ ಸಾಮಾನ್ಯವಾಗಿ ತೊಡಕು ಆಚೆಯವರದು. ನಾವು ಫೋನನ್ನು ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಅರ್ಜಿಯ ಕೊನೆಯ ದಿನ ಎಲ್ಲರೂ ಒಮ್ಮೆಲೇ ನುಗ್ಗಿದಾಗ ೫೦೩ ಕಾಣಿಸಿಕೊಳ್ಳುವುದುಂಟು. ಬೆಳಗಿನ ಜಾವ ಅಥವಾ ತಡರಾತ್ರಿ ಪ್ರಯತ್ನಿಸಿದರೆ ಕೆಲಸವಾಗಬಹುದು. ಮೂರನೆಯ ಪಾಳಿ ಮಾಡಿದವರಿಗೂ ಹೋಟೆಲಿನ ಬಾಗಿಲು ಮುಚ್ಚಿ ಮಲಗುವವರಿಗೂ ಈ ಹೊತ್ತು ಹೊಸದೇನಲ್ಲ.

ಅಂಕಿ ಕಾಣದೆ “ಸರ್ವರ್ ಸಿಗಲಿಲ್ಲ” ಎಂದು ಬಂದರೆ ದಾರಿಯಲ್ಲಿ ತೊಡಕಿರಬಹುದು. ನಾವು ಬರೆಯುವ ಹೆಸರನ್ನು ಅಂಕಿಯ ವಿಳಾಸವಾಗಿ ಬದಲಿಸಿಕೊಡುವ ಡಿಎನ್ಎಸ್ ಎಂಬ ವ್ಯವಸ್ಥೆಯೊಂದಿದೆ. ಅದರ ರೂಪರೇಖೆಯನ್ನು ೧೯೮೩ರಲ್ಲಿ ಪಾಲ್ ಮೊಕಪೆಟ್ರಿಸ್ ಎಂಬವರು ಹಾಕಿಕೊಟ್ಟರು. ಒಂದು ಕಂಪೆನಿಯ ಜಾಲದಲ್ಲಿ ಈ ವಿಳಾಸಪುಸ್ತಕ ಕೈಕೊಟ್ಟರೆ ಇನ್ನೊಂದರಲ್ಲಿ ಸರಿಯಿರಬಹುದು. ಆದುದರಿಂದ ಖೋಲಿಯ ಜೊತೆಗಾರನ ಬೇರೆ ಕಂಪೆನಿಯ ಸಿಮ್ಮಿನಿಂದ ಹಾಟ್‌ಸ್ಪಾಟ್ ಪಡೆದು ನೋಡುವುದು ಸುಲಭದ ಪರೀಕ್ಷೆ. ಅಲ್ಲಿ ತೆರೆದರೆ ದೋಷ ದಾರಿಯದು.

ದಾರಿಯೂ ಸರಿಯಿದ್ದರೆ ನಮ್ಮ ಫೋನಿನತ್ತ ತಿರುಗಬೇಕು. ಬ್ರೌಸರಿನಲ್ಲಿ ಖಾಸಗಿ ಕಿಟಕಿ ಎಂಬುದೊಂದಿದೆ. ಕ್ರೋಮಿನಲ್ಲಿ ಅದನ್ನು ಇನ್‌ಕಾಗ್ನಿಟೋ ಎನ್ನುತ್ತಾರೆ. ಪುಟವು ಅಲ್ಲಿ ತೆರೆದು ಮಾಮೂಲು ಕಿಟಕಿಯಲ್ಲಿ ತೆರೆಯದಿದ್ದರೆ, ಹಿಂದೆ ಕೂಡಿಟ್ಟ ಕುಕೀ ಮತ್ತು ಕ್ಯಾಶ್ ಹಳಸಿವೆಯೆಂದೇ ಬಹುಮಟ್ಟಿಗೆ ಅರ್ಥ. ಆಗ ಆ ಒಂದು ತಾಣದ ಸಂಗ್ರಹವನ್ನು ಮಾತ್ರ ಅಳಿಸಬೇಕು. ಎಲ್ಲವನ್ನೂ ಅಳಿಸಿದರೆ ಉಳಿದ ತಾಣಗಳಿಗೂ ಮತ್ತೆ ಲಾಗಿನ್ ಆಗಬೇಕಾದೀತು. ರಸೀತಿಯೋ ಪಾಸ್‌ಬುಕ್ಕೋ ಒತ್ತಿದರೂ ತೆರೆಯದಿದ್ದರೆ ಬ್ರೌಸರು ಹೊಸ ಕಿಟಕಿಯನ್ನು, ಅಂದರೆ ಪಾಪ್-ಅಪ್ಪನ್ನು, ತಡೆದಿರಬಹುದು. ಆ ತಾಣಕ್ಕೆ ಮಾತ್ರ ಅನುಮತಿ ಕೊಟ್ಟರೆ ಸಾಕು. ಜಾಹೀರಾತು ತಡೆಯುವ ಸಾಧನವಿದ್ದರೆ ಕ್ಷಣಹೊತ್ತು ನಿಲ್ಲಿಸಿ ನೋಡಬಹುದು.

“ನಿಮ್ಮ ಸಂಪರ್ಕ ಖಾಸಗಿಯಾಗಿಲ್ಲ” ಎಂಬ ಎಚ್ಚರಿಕೆ ಬಂದರೆ ಫೋನಿನ ತಾರೀಕನ್ನೂ ಗಡಿಯಾರವನ್ನೂ ನೋಡಿಕೊಳ್ಳಬೇಕು. ಸುರಕ್ಷಿತ ತಾಣಗಳಿಗೆ ಪ್ರಮಾಣಪತ್ರವಿರುತ್ತದೆ. ಅದಕ್ಕೆ ಆರಂಭದ ದಿನವೂ ಮುಗಿಯುವ ದಿನವೂ ಉಂಟು. ಫೋನಿನ ತಾರೀಕು ತಪ್ಪಿದ್ದರೆ ಸರಿಯಾದ ಪ್ರಮಾಣಪತ್ರವೂ ಬ್ರೌಸರಿಗೆ ಸುಳ್ಳಾಗಿ ಕಾಣುತ್ತದೆ. ತಾರೀಕು ಸರಿಯಿದ್ದೂ ಎಚ್ಚರಿಕೆ ಬರುತ್ತಿದ್ದರೆ, ಹಣದ ವ್ಯವಹಾರದ ಪುಟಗಳಲ್ಲಿ “ಆದರೂ ಮುಂದುವರಿಯಿರಿ” ಎಂಬುದನ್ನು ಒತ್ತಲೇಬಾರದು.

ಇಲ್ಲಿ ಬಡವನಿಗೆ ಆಗುವ ಅನ್ಯಾಯವೊಂದನ್ನು ಹೇಳದೆ ವಿಧಿಯಿಲ್ಲ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸಂಸ್ಥೆಯು ಲೋಕದ ಅಸಂಖ್ಯ ತಾಣಗಳಿಗೆ ಪುಕ್ಕಟೆಯಾಗಿ ಪ್ರಮಾಣಪತ್ರ ಕೊಡುತ್ತಿದೆ. ಅದರ ಮೂಲ ಪ್ರಮಾಣಪತ್ರವು ಆಂಡ್ರಾಯ್ಡ್ ೭.೧.೧ಕ್ಕಿಂತ ಹಳೆಯ ಫೋನುಗಳಲ್ಲಿ ಇಲ್ಲ. ಆ ಫೋನುಗಳಿಗೆ ಆಸರೆಯಾಗಿದ್ದ ತಾತ್ಕಾಲಿಕ ಏರ್ಪಾಡು ೨೦೨೪ರ ಸೆಪ್ಟೆಂಬರ್ ೩೦ರಂದು ಮುಗಿಯಿತು. ಅಂದಿನಿಂದ ಇಂಥ ಫೋನುಗಳಲ್ಲಿ ಅನೇಕ ಪುಟಗಳು ತೆರೆಯದೆ ಎಚ್ಚರಿಕೆ ತೋರಿಸಿ ನಿಲ್ಲುವುದುಂಟು. ಪುಕ್ಕಟೆ ಪ್ರಮಾಣಪತ್ರ ಕೊಟ್ಟವರನ್ನು ನಾವು ದೂರುವುದಿಲ್ಲ, ಮುದ್ರೆಗೂ ಆಯುಷ್ಯವುಂಟು. ಆದರೆ ಕೈಯಲ್ಲಿ ಗಟ್ಟಿಮುಟ್ಟಾಗಿಯೇ ಇರುವ ಫೋನಿಗೆ ತಯಾರಕರು ಕೆಲವೇ ವರ್ಷಗಳಲ್ಲಿ ಹೊಸ ತಂತ್ರಾಂಶ ಕೊಡುವುದನ್ನು ನಿಲ್ಲಿಸಿಬಿಟ್ಟರೆ, ಅದರ ದಂಡವನ್ನು ಕೊಂಡವನೇ ತೆರಬೇಕಾಗುತ್ತದೆ. ಅಣ್ಣನ ಹಳೆಯ ಫೋನನ್ನು ತಮ್ಮ ಬಳಸುವ ಮನೆಗಳಿಗೆ ಇದು ಚಿಕ್ಕ ದಂಡವಲ್ಲ.

ಆದುದರಿಂದ ನಾವು ಎರಡು ಕಡೆಗೆ ಎರಡು ಮಾತು ಹೇಳಬಯಸುತ್ತೇವೆ.

ಸರಕಾರಕ್ಕೆ ಹೇಳತಕ್ಕ ಮಾತೇನೆಂದರೆ, ಕಾರ್ಮಿಕನ ಹಕ್ಕಿನ ಹಣಕ್ಕೆ ಒಂದೇ ಬಾಗಿಲು ಇಟ್ಟು, ಆ ಬಾಗಿಲಿಗೂ ಬೀಗ ಬೀಳಲು ಬಿಡಬಾರದು. ತಾಣವು ಕೆಟ್ಟು ನಿಂತಷ್ಟು ದಿನ ಅರ್ಜಿಯ ಕೊನೆಯ ತಾರೀಕನ್ನು ತಾನಾಗಿ ಮುಂದೂಡಬೇಕು. ಅಗ್ಗದ ಫೋನಿನಲ್ಲಿ, ನಿಧಾನದ ಜಾಲದಲ್ಲಿ ಪರೀಕ್ಷಿಸಿದ ಮೇಲೆಯೇ ಪುಟವನ್ನು ಜನರ ಮುಂದಿಡಬೇಕು. ಕಾಗದದ ಅರ್ಜಿ ಸ್ವೀಕರಿಸುವ ಕೌಂಟರು ಪ್ರತಿಯೊಂದು ಕಚೇರಿಯಲ್ಲಿಯೂ ಉಳಿಯಬೇಕು. ಭವಿಷ್ಯನಿಧಿ ಸಂಸ್ಥೆಯು ೨೦೨೩ರ ಜನವರಿಯಲ್ಲಿ ‘ನಿಧಿ ಆಪ್ಕೆ ನಿಕಟ್’ ಎಂಬ ಹೆಸರಿನಿಂದ, ತಿಂಗಳಿಗೊಮ್ಮೆ ಜಿಲ್ಲೆಗಳಿಗೇ ಹೋಗಿ ಜನರ ದೂರು ಕೇಳುವ ಕ್ರಮವನ್ನು ವಿಸ್ತರಿಸಿತು. ಮುಖಾಮುಖಿ ಮಾತಾಡುವ ಇಂಥ ಏರ್ಪಾಡು ಹೆಚ್ಚಬೇಕೇ ಹೊರತು ಕುಗ್ಗಬಾರದು.

ನಮ್ಮವರಿಗೆ ಹೇಳುವುದು ಇಷ್ಟೇ. ಕೊನೆಯ ದಿನದವರೆಗೆ ಕಾಯಬೇಡಿ. ಪುಟ ತೆರೆಯದಿದ್ದಾಗ ಅಂಕಿ, ತಾರೀಕು, ಗಂಟೆ ಮೂರೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಅವಧಿ ಮೀರಿತೆಂದು ನಾಳೆ ಯಾರಾದರೂ ಅರ್ಜಿ ತಳ್ಳಿಹಾಕಿದರೆ ಅದೇ ನಿಮ್ಮ ರಸೀತಿ. ಇ-ಶ್ರಮ್ ನೋಂದಣಿಗೆ ಶುಲ್ಕವಿಲ್ಲ, ಕೇಳಿದವರಿಗೆ ಕೊಡಬೇಡಿ. ಓಟಿಪಿಯನ್ನಂತೂ ಯಾರ ಕೈಗೂ ಒಪ್ಪಿಸಬೇಡಿ, ಅವರು ಎಷ್ಟೇ ಪರಿಚಿತರಿರಲಿ.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಅಕ್ಷರ ಕಲಿತವರ ಪರಂಪರೆ ಈ ಮುಂಬಯಿ ಕನ್ನಡಿಗರದು. ಅಂದು ಮನಿಯಾರ್ಡರ್ ಫಾರಮನ್ನು ಬಲ್ಲವನು ಬರಿಯದವನಿಗೆ ಬರೆದುಕೊಡುತ್ತಿದ್ದನು; ಜೊತೆಗೆ ಬರೆಯಲೂ ಕಲಿಸುತ್ತಿದ್ದನು. ಇಂದು ಸಂಘದ ಕೋಣೆಯಲ್ಲಿ ವಾರಕ್ಕೊಂದು ರಜಾದಿನ ಎರಡು ಗಂಟೆಯ ಹೊತ್ತು, ಬಲ್ಲ ತರುಣರು ಕುಳಿತು ಹಿರಿಯರಿಗೂ ಹೊಸದಾಗಿ ಊರಿನಿಂದ ಬಂದ ಹುಡುಗರಿಗೂ ಇಷ್ಟನ್ನು ತೋರಿಸಿಕೊಡಲಾಗದೇ? ಮಾಡಿಕೊಡುವುದಕ್ಕಿಂತ ಮಾಡಲು ಕಲಿಸುವುದು ಮೇಲು. ಮುಂದಿನ ಸಭೆಯಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಸಂಘದ ಪದಾಧಿಕಾರಿಗಳನ್ನು ಕೇಳಿಕೊಳ್ಳುತ್ತೇವೆ. ಕೈಜೋಡಿಸಬಲ್ಲ ತರುಣರು ತಮ್ಮ ಹೆಸರನ್ನು ಕಚೇರಿಯಲ್ಲಿ ತಿಳಿಸಬೇಕೆಂದು ವಿನಂತಿಸುತ್ತೇವೆ.