ಮಲಗೋ ಗಾಡಿಗೆ ಕಲ್ಲಿನ ಲಾರಿ ಬಾಡಿ ಯಾಕ?

ಶಹಾಬಾದ್ ಕಲ್ಲು, ವಾಡಿ–ಸೇಡಂ ಕಡೆಯ ಸಿಮೆಂಟು ಹೊರುವ ಲಾರಿಗೆ ದಪ್ಪ ಕಬ್ಬಿಣದ ಬಾಡಿ ಬೇಕೇ ಬೇಕು. ದಿನಾ ಅದನ್ನೇ ನೋಡೋ ನಾವು, ಚಿಂಚೋಳಿ ಕಡೆ ಕ್ಯಾಂಪಿಂಗಿಗೆ ಹಳೇ ಪಿಕಪ್ ಸಜ್ಜು ಮಾಡೋವಾಗಲೂ “ಗಟ್ಟಿ ಅಂದ್ರ ಕಬ್ಬಿಣಾನೇ” ಅಂತೀವಿ. ಇದು ತಪ್ಪು ಅನ್ನೋದು ನಮ್ಮ ವಾದ.

ಲೆಕ್ಕ ಹಾಕೋಣ. ಬಾಡಿಗೆ 14 ಚದರ ಮೀಟರ್ ತಗಡು ಬೇಕು ಅಂತಿಟ್ಕೊಳ್ರಿ. 2 ಮಿ.ಮೀ. ಉಕ್ಕಾದರೆ ಸುಮಾರು 220 ಕೆ.ಜಿ., 3 ಮಿ.ಮೀ. ಅಲ್ಯೂಮಿನಿಯಂ ಆದರೆ 113. ಅಲ್ಯೂಮಿನಿಯಂನ ಯಂಗ್ಸ್ ಮಾಡ್ಯುಲಸ್ ಉಕ್ಕಿನ ಮೂರನೇ ಒಂದು ಭಾಗ, ನಿಜ. ಆದರೆ ತಗಡಿನ ಬಿಗಿತ ದಪ್ಪದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಈ ಅಲ್ಯೂಮಿನಿಯಂ ಹಾಳೆ ಆ ಉಕ್ಕಿಗಿಂತ ತುಸು ಬಿಗಿಯೇ. ಉಳಿದ ತೂಕದಲ್ಲಿ ನೂರು ಲೀಟರ್ ನೀರು ಒಯ್ಯಬಹುದು!

ಅಲ್ಯೂಮಿನಿಯಂ ದುಬಾರಿ, ಒಪ್ಪಿದ್ವಿ. ವೆಲ್ಡ್ ಮಾಡಿದ ಜಾಗದಲ್ಲಿ ಅದರ ಬಲವೂ ಕುಗ್ಗುತ್ತದೆ. ಅದಕ್ಕೇ ರಿವೆಟ್, ಬೋಲ್ಟ್ ಬಳಸಬೇಕು. ಉಕ್ಕಿನ ಚಾಸಿಗೆ ನೇರ ತಾಗಿದರೆ ಮಳೆಗಾಲದಲ್ಲಿ ಅಲ್ಯೂಮಿನಿಯಂ ಸವೆಯುತ್ತದೆ. ನಡುವೆ ರಬ್ಬರ್ ಇಡಬೇಕು.

ಇನ್ನೊಂದು ಮಾತು. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ಗಾಡಿಯನ್ನು ಮನಸ್ಸಿಗೆ ಬಂದಂಗ ಬದಲಾಯಿಸೋ ಹಂಗಿಲ್ಲ. ಬಾಡಿ ಕಟ್ಟಿಸೋ ಮೊದಲೇ ಆರ್‌ಟಿಒ ಆಫೀಸಿಗೆ ಹೋಗಿ ಕೇಳ್ರಿ. ಕಟ್ಟಿಸಿದ ಮೇಲೆ ನೀರು, ಗ್ಯಾಸು, ಹಾಸಿಗೆ, ಗೆಳೆಯರು ಎಲ್ಲಾ ತುಂಬಿ ಚಿತ್ತಾಪುರ ರಸ್ತೆಯ ಯಾವುದಾದರೂ ವೇಬ್ರಿಡ್ಜಿನ ಮ್ಯಾಲೆ ನಿಲ್ಲಿಸ್ರಿ. ಆರ್‌ಸಿಯಲ್ಲಿ ಬರೆದ ಒಟ್ಟು ತೂಕ ದಾಟಿದರೆ ಸಾಮಾನು ಇಳಿಸ್ರಿ. ಇಳಿಜಾರಿನಲ್ಲಿ ಬ್ರೇಕು ನೋಡೋದು ತೂಕ, ನಮ್ಮ ಹುಮ್ಮಸ್ಸಲ್ಲ.